ಪುಟದಂಚಿನಲ್ಲಿ ನಾನು ಬರೆದದ್ದು

ಆ ಭಾನುವಾರ ಫೋನು ಬಂದದ್ದು ಎಷ್ಟು ಹೊತ್ತಿಗೆ ಎಂಬಲ್ಲಿಯೇ ನನ್ನ ದಿನಚರಿಗೂ ನನ್ನ ನೆನಪಿಗೂ ತಾಳೆಯಾಗುವುದಿಲ್ಲ. ದಿನಚರಿ ನಾಲ್ಕೂವರೆ ಎನ್ನುತ್ತದೆ. ನೆನಪಿನಲ್ಲಿ ಹಿತ್ತಲಿನ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು, ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಚಳ್ಳಕೆರೆಯಲ್ಲಿ ಮಾರ್ಚ್ ತಿಂಗಳ ನಾಲ್ಕೂವರೆಗೆ ಬಿಸಿಲು ಹಳದಿಯಾಗುವುದಿಲ್ಲ, ಬೆಳ್ಳಗೇ ಇರುತ್ತದೆ. ಎರಡರಲ್ಲಿ ಒಂದು ತಪ್ಪು. ಕಿವಿಗೆ ಬಿದ್ದ ಮಾತಿನ ವಿಷಯದಲ್ಲಿ ಮಾತ್ರ ಎರಡೂ ಒಂದನ್ನೇ ಹೇಳುತ್ತವೆ.

"ಮೇಡಮ್, ಮಗಳು ಕಾವಲಿಗೆ ಹೋದೋಳು ಬಂದಿಲ್ಲ. ಅವರಪ್ಪನ ಹತ್ರಾನೂ ಹೋಗಿಲ್ಲ."

ಮಾತಾಡಿದವಳು ದೊಡ್ಡಉಳ್ಳಾರ್ತಿಯ ಅಂಗನವಾಡಿ ಟೀಚರ್. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳ ಗಂಡ ಅಣ್ಣನ ಜೊತೆ ಸೇರಿ ಊರಾಚೆಯ ಹುಲ್ಲು ಬಯಲಾದ ಕಾವಲಿನಲ್ಲಿ ಕುರಿ ಮೇಯಿಸುತ್ತಾನೆ. ಒಬ್ಬಳೇ ಮಗಳು, ಎಂಟು ವರ್ಷ. ಮೂರು ಗಂಟೆಗೆ ಮಜ್ಜಿಗೆಯ ಕ್ಯಾನು ಕೊಟ್ಟು ಕುರಿ ಕೂಡುವ ರೊಪ್ಪಕ್ಕೆ ಕಳಿಸಿದ್ದಳಂತೆ. ಅರ್ಧ ಗಂಟೆಯ ದಾರಿ. ಗಂಡನ ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿತ್ತು. ಅವನ ಅಣ್ಣ ಯಾವುದೋ ಕೆಲಸಕ್ಕೆ ಊರಿಗೆ ಬಂದವನು, ಮಜ್ಜಿಗೆ ಬರಲೇ ಇಲ್ಲ ಎಂದಾಗಲೇ ಅವಳಿಗೆ ಗೊತ್ತಾದದ್ದು.

"ಒಬ್ಬಳನ್ನೇ ಕಳಿಸಿದ್ದಾ?" ಎಂದೆ.

"ಹೂಂ," ಎಂದಳು. "ಪುಸ್ತಕದಾಗೆ ಇತ್ತಲ್ಲ ಮೇಡಮ್."

ಅದು ದೂರಾಗಿರಲಿಲ್ಲ. ದಿಕ್ಕು ತೋಚದವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರಲ್ಲ, ಹಾಗೆ ಆ ಮಾತನ್ನು ಹಿಡಿದುಕೊಂಡಿದ್ದಳು. ನಾನು ಅದನ್ನು ದೂರೆಂದೇ ಕೇಳಿಸಿಕೊಂಡೆ.

ಆ ಪುಸ್ತಕದ ವಿಷಯ ಹೇಳಬೇಕಾದರೆ ಮೊದಲು ಪಟ್ಟಿಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ನಾನು ಪಾಠ ಮಾಡುವ ಕಾಲೇಜಿನಲ್ಲಿ, ಕತೆ ಕಾದಂಬರಿ ಬಿಟ್ಟು ಬೇರೆ ಏನು ಓದಬಹುದು ಎಂದು ವಿದ್ಯಾರ್ಥಿಗಳಿಗೆ ಒಂದು ಪಟ್ಟಿ ಮಾಡಿಕೊಡಿ ಎಂದಿದ್ದರು. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನಗೆ ಬಂತು. ವ್ಯಾಪಾರ, ಮನಸ್ಸು, ಕಲಿಕೆ ಎಂದು ಮೂರು ತಲೆಬರಹ ಹಾಕಿ ಒಂದು ಹಾಳೆ ತಯಾರಿಸಿದೆ. ಅದರ ಒಂದು ಪ್ರತಿ ನನ್ನ ಸ್ಕೂಟರಿನ ಸೀಟಿನ ಕೆಳಗೆ ಉಳಿದಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯ ಮೆಕ್ಯಾನಿಕ್ ಸ್ಕೂಟರು ಬಿಚ್ಚಿದಾಗ ಅದು ಅವರ ಕೈಗೆ ಸಿಕ್ಕಿತು. ಐವತ್ತು ದಾಟಿದವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಎರಡೂ ಭಾಷೆಯಲ್ಲಿ ಒಂದೇ ಧಾಟಿಯ ತಮಾಷೆ.

"ಇದು ನೀವೇ ಬರೆದಿದ್ದಾ ಮೇಡಮ್?"

"ಹೌದು."

"ಇಷ್ಟೂ ಓದಿದೀರಾ?"

ಅರ್ಧ ಎಂದೆ. ಅದೂ ಸ್ವಲ್ಪ ಹೆಚ್ಚೇ.

"ಓಡಿಸಿ ನೋಡದೇ ಇರೋ ಗಾಡೀನ ನಾನು ಗಿರಾಕಿ ಕೈಗೆ ಕೊಡಲ್ಲಪ್ಪ," ಎಂದರು, ನನ್ನ ಮುಖ ನೋಡದೆ, ಸ್ಪಾನರು ಹುಡುಕುತ್ತ.

ಆ ಮಾತಿನಿಂದಲೇ ನಮ್ಮ ಭಾನುವಾರದ ಕೂಟ ಹುಟ್ಟಿತು. ಅರ್ಧ ಶಟರು ಎತ್ತಿದ ಗ್ಯಾರೇಜಿನಲ್ಲಿ, ನಟ್ಟು ಬೋಲ್ಟುಗಳ ಡಬ್ಬಿಗಳ ಪಕ್ಕ ಒಂದು ಕಪಾಟಿನಲ್ಲಿ ಪುಸ್ತಕಗಳು. ಒಂದು ಉದ್ದನೆಯ ರಿಜಿಸ್ಟರು. ಪುಸ್ತಕ ಒಯ್ದವರು ಅದರಿಂದ ಒಂದಾದರೂ ಸಂಗತಿಯನ್ನು ಮಾಡಿ ನೋಡಿ, ವಾಪಸು ಕೊಡುವಾಗ ಬರೆಯಬೇಕು. ಆ ಕಾಲಮ್ಮಿಗೆ 'ಓಡಿಸಿ ನೋಡಿದ್ದು' ಎಂದೇ ಹೆಸರು. ಈ ನಿಯಮ ನನ್ನದೆಂದು ಮೆಕ್ಯಾನಿಕ್ ಹೇಳುತ್ತಾರೆ. ಅವರದೆಂದು ನಾನು ಹೇಳುತ್ತೇನೆ. ದಿನಚರಿಯಲ್ಲಿ 'ನಿಯಮವಾಯಿತು' ಎಂದಷ್ಟೇ ಇದೆ, ಯಾರಿಂದ ಎಂದಿಲ್ಲ.

ರಿಜಿಸ್ಟರಿನ ಮೊದಲ ಸಾಲು ಮೆಕ್ಯಾನಿಕ್ಕರದು. ವ್ಯಾಪಾರದ ಪುಸ್ತಕವೊಂದರಲ್ಲಿ, ಗಿರಾಕಿಗೆ ಕೆಲಸ ಕಣ್ಣಿಗೆ ಕಾಣುವಂತಿದ್ದರೆ ನಂಬಿಕೆ ಬೆಳೆಯುತ್ತದೆ ಎಂದಿತ್ತಂತೆ. ರಿಪೇರಿ ಮಾಡುವ ಜಾಗದ ಪಕ್ಕದಲ್ಲೇ ಕುರ್ಚಿ ಹಾಕಿದರು. ಗಿರಾಕಿಗಳು ಕೂತು, ಅದನ್ನು ಬಿಗಿ ಮಾಡಿ, ಇದನ್ನು ಸಡಿಲ ಮಾಡಿ ಎಂದು ಪಾಠ ಹೇಳತೊಡಗಿದರು. ಮೂರನೆಯ ದಿನಕ್ಕೆ ಬರೆದದ್ದು: 'ಕುರ್ಚಿ ಹಾಕಿದೆ. ತೆಗೆದೆ.'

ನಾವು ನಗುತ್ತಿದ್ದೆವು. ಕತೆಯ ಪುಸ್ತಕ ಯಾರಿಗೂ ಏನನ್ನೂ ಮಾಡು ಎನ್ನುವುದಿಲ್ಲ. ನನ್ನ ಪಟ್ಟಿಯ ಪುಸ್ತಕಗಳು ಅಧ್ಯಾಯಕ್ಕೊಂದು ಸಲ ಮಾಡು ಎನ್ನುತ್ತವೆ. ಅದರಲ್ಲಿ ಹೆದರುವಂಥದ್ದು ಏನಾದರೂ ಇದೆ ಎಂದು ಆ ಭಾನುವಾರದ ತನಕ ನನಗೆ ಹೊಳೆದಿರಲಿಲ್ಲ.

ಕೂಟಕ್ಕೆ ಬರುತ್ತಿದ್ದ ಟೀಚರ್ ಒಯ್ದದ್ದು ಕಲಿಕೆಯ ಪುಸ್ತಕ, ನೀಲಿ ರಟ್ಟಿನದು. ಮಕ್ಕಳಿಗೆ ದೊಡ್ಡವರ ಕಣ್ಗಾವಲಿಲ್ಲದೆ ತಾವೇ ಮಾಡುವಂಥ ಒಂದು ನಿಜವಾದ ಕೆಲಸ ಕೊಡಬೇಕು ಎನ್ನುವ ಅಧ್ಯಾಯ ಅದರಲ್ಲಿತ್ತು. ಅದನ್ನು ಅವಳಿಗೆ ಕೊಟ್ಟದ್ದು ನಾನೇ. ಆದರೆ ಆ ಅಧ್ಯಾಯವನ್ನು ನಾನು ಎತ್ತಿ ತೋರಿಸಿದ್ದೆನೆ? ಮೆಕ್ಯಾನಿಕ್ ಗಿರಾಕಿಯೊಬ್ಬರ ವ್ಯಾನು ತಂದು ನನ್ನನ್ನು ಹತ್ತಿಸಿಕೊಂಡು ದೊಡ್ಡಉಳ್ಳಾರ್ತಿಯ ಕಡೆಗೆ ಓಡಿಸುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಆ ಪ್ರಶ್ನೆ. ಮಗುವಿನ ಮುಖ ಅಲ್ಲ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಹಾಗೆಯೇ ಇತ್ತು. ಪುಸ್ತಕ ಕೊಡುವಾಗ ಏನೆಂದೆ ಎಂದು ಮತ್ತೆ ಮತ್ತೆ ನೆನೆದುಕೊಂಡೆ. ಪ್ರತಿ ಸಲವೂ ನಾನು ಹೆಚ್ಚು ಹೆಚ್ಚು ಮೌನಿಯಾಗುತ್ತ ಹೋದೆ. ಕೊನೆಯ ಸಲ ನೆನೆಯುವ ಹೊತ್ತಿಗೆ ಪುಸ್ತಕವನ್ನು ಅವಳೇ ಕಪಾಟಿನಿಂದ ತೆಗೆದುಕೊಂಡಿದ್ದಳು, ನಾನು ಅಲ್ಲಿರಲೇ ಇಲ್ಲ.

"ಕಾವಲಾಗೆ ತೋಳ ಐತೇನ್ರಿ?" ಎಂದು ಕೇಳಿದೆ. ನನಗೆ ಗೊತ್ತಿತ್ತು, ಇವೆ.

"ಮೇಡಮ್, ತೋಳ ಕುರಿ ಬಿಟ್ಟು ಮಕ್ಕಳ ಹತ್ರ ಬರಲ್ಲ," ಎಂದರು ಮೆಕ್ಯಾನಿಕ್. ಸ್ವಲ್ಪ ದೂರ ಹೋದ ಮೇಲೆ, "ಕಲ್ಲು ತೆಗೆದ ಗುಂಡಿಗಳಾಗೆ ನೀರೈತಾ ಈಗ?" ಎಂದು ತಮಗೆ ತಾವೇ ಕೇಳಿಕೊಂಡರು.

ಊರ ಬಾಗಿಲಲ್ಲಿ ಟೀಚರ್ ನಿಂತಿದ್ದಳು. ತಲೆ ಬಾಚಿರಲಿಲ್ಲ, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಊರಿನ ಗಂಡಸರೆಲ್ಲ ಆಗಲೇ ಹೋಗಿದ್ದರು. ನಾನು ಇಳಿಯುತ್ತಲೇ ಅವಳು ವ್ಯಾನು ಹತ್ತಿದಳು.

"ನೀವು ಮನೆಯಾಗೇ ಇರ್ರಿ ಮೇಡಮ್. ಅವಳು ತಾನಾಗೇ ಬಂದ್ರೆ ಯಾರಾದ್ರೂ ಇರಬೇಕಲ್ಲ. ನಮ್ಮತ್ತೆಗೆ ಫೋನ್ ಮಾಡಾಕೆ ಬರಲ್ಲ."

ಮನೆಯ ಜಗಲಿಯ ಮೇಲೆ ಅವಳ ಅತ್ತೆ ಕೂತಿದ್ದರು. ಮಂಡಿ ನೋವಿನ ಮುದುಕಿ. ನಾನು ಯಾರೆಂದು ಕೇಳಲಿಲ್ಲ; ಯಾರಾದರೂ ಬರುವುದನ್ನೇ ಕಾಯುತ್ತಿದ್ದವರಂತೆ ಶುರು ಮಾಡಿದರು.

"ತಪ್ಪು ನಂದೇ ತಾಯಿ. ದಾರಿ ಹೇಳಿದ್ದು ನಾನು. ಕುರಿ ದಾರಿ ಹಿಡಿ, ನೇರ ಹೋಗು, ಎಲ್ಲೂ ತಿರುಗಬೇಡ ಅಂದೆ. ನಾ ಆ ಕಡಿಗೆ ಹೋಗಿ ಆರೇಳು ವರ್ಷ ಆತು. ನಮ್ ಕಾಲದಾಗೆ ನೇರ ಹೋದ್ರೆ ರೊಪ್ಪ. ಈಗ ನಡುವೆ ಗೋಡೆ ಐತಂತೆ."

ಗೋಡೆಯ ವಿಷಯ ನನಗೂ ಗೊತ್ತಿತ್ತು. ಕಾವಲಿನ ಒಂದು ಭಾಗಕ್ಕೆ ಯಾವುದೋ ಸಂಸ್ಥೆಯ ಕಾಂಪೌಂಡು ಬಂದಿದೆ. ಹಳೆಯ ಕುರಿ ದಾರಿ ಹೋಗಿ ಆ ಗೋಡೆಯ ಮೂಲೆಗೆ ಮುಟ್ಟುತ್ತದೆ. ಕುರಿಯವರು ಅಲ್ಲಿಂದ ಬಲಕ್ಕೆ ತಿರುಗಿ, ಗೋಡೆಯನ್ನು ಸುತ್ತಿಕೊಂಡು ಹೋಗುತ್ತಾರೆ. ಇದು ದಿನಾ ಹೋಗುವವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿರುವ ಮುದುಕಿಗೆ ಹೇಳಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಮಗುವಿನ ತಾಯಿಗೆ ಗೊತ್ತಿತ್ತು, ಆದರೆ ದಾರಿ ಹೇಳುವ ಹೊತ್ತಿಗೆ ಅವಳು ಒಳಗೆ ಕ್ಯಾನಿಗೆ ಮಜ್ಜಿಗೆ ಹೊಯ್ಯುತ್ತಿದ್ದಳಂತೆ.

ಮೇಲೆಲ್ಲೋ ಆ ಸಂಸ್ಥೆಯವರು ಹಾರಿಸುವ ಡ್ರೋನು ಸಣ್ಣಗೆ ಗುಂಯ್ ಎನ್ನುವ ಸದ್ದು. ಮುದುಕಿ ತಲೆ ಎತ್ತಿದರು.

"ಅದ್ರಾಗೆ ಮನುಷ್ಯರೇ ಇರಲ್ಲಂತೆ. ಮೇಲಿಂದ ಎಲ್ಲಾ ನೋಡ್ತೈತಂತೆ. ನಮ್ ಕೂಸು ಒಂದು ಕಾಣ್ಲಿಲ್ವಾ ಅದಕ್ಕೆ."

ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಗೋಡೆಯ ಗೂಡಿನಲ್ಲಿ ನೀಲಿ ರಟ್ಟಿನ ಪುಸ್ತಕ ಇತ್ತು. ಅದರ ಕೆಳಗೆ ಮೊಳೆಗೆ ಮಗುವಿನ ಶಾಲೆಯ ಚೀಲ ನೇತುಹಾಕಿತ್ತು. ಪುಸ್ತಕದ ನಡುಪುಟಕ್ಕೆ ಟೀಚರ್ ಬಸ್ಸಿನ ಟಿಕೆಟನ್ನು ಗುರುತಿಗೆ ಇಟ್ಟಿದ್ದಳು. ತೆರೆದೆ.

ಪೆನ್ಸಿಲಿನಲ್ಲಿ ಒಂದು ವಾಕ್ಯದ ಕೆಳಗೆ ಗೆರೆ ಎಳೆದಿತ್ತು. ಅಂಚಿನಲ್ಲಿ ಬರಹ: 'ಇದನ್ನೇ ಓಡಿಸಿ ನೋಡಿ. ನಿಮ್ಮ ಮಗಳಿಗೆ ಆಗುತ್ತದೆ.'

ಅಕ್ಷರ ನನ್ನದೇ. ದೀರ್ಘಗಳನ್ನು ನಾನು ಬೇರೆಯವರಿಗಿಂತ ಉದ್ದ ಎಳೆಯುತ್ತೇನೆ. ಯಾವಾಗ ಬರೆದೆ, ಕಾಲೇಜಿನಲ್ಲೋ ಮನೆಯಲ್ಲೋ, ಒಂದೂ ನೆನಪಿಲ್ಲ. ಇವತ್ತಿಗೂ ಇಲ್ಲ. ಆ ಮಗು ಎಲ್ಲಿ ಬಿದ್ದಿದ್ದರೂ, ಏನಾಗಿದ್ದರೂ, ಅದಕ್ಕೆ ಮೊದಲು ಈ ಎರಡು ಸಾಲು ಇವೆ, ನಾಳೆ ಯಾರಾದರೂ ಈ ಪುಟ ತೆಗೆಯುತ್ತಾರೆ ಎಂದು ಮಾತ್ರ ಹೊಳೆಯಿತು.

ಮುಂದಿನದನ್ನು ನನ್ನ ಕೈ ಮಾಡಿತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಕೈ ತಾನಾಗಿ ಏನೂ ಮಾಡುವುದಿಲ್ಲ. ನಾನು ಮಗುವಿನ ಚೀಲದಿಂದ ಕಂಪಾಸ್ ಡಬ್ಬಿ ತೆಗೆದೆ. ಅದರಲ್ಲಿ ಹಣ್ಣಿನ ವಾಸನೆಯ ಗುಲಾಬಿ ರಬ್ಬರಿತ್ತು, ಒಂದು ಮೂಲೆ ಮಾತ್ರ ಸವೆದದ್ದು. ಅದರಿಂದ ಮೊದಲು ಅಂಚಿನ ಬರಹ, ಆಮೇಲೆ ಗೆರೆ ಅಳಿಸಿದೆ. ಪುಡಿಯನ್ನು ಊದಿದೆ. ರಬ್ಬರನ್ನು ಡಬ್ಬಿಗೆ, ಡಬ್ಬಿಯನ್ನು ಚೀಲಕ್ಕೆ, ಟಿಕೆಟನ್ನು ಪುಟಕ್ಕೆ, ಎಲ್ಲವನ್ನೂ ಇದ್ದಲ್ಲಿಗೆ ಇಟ್ಟೆ. ಬೆರಳುಗಳಲ್ಲಿ ಹಣ್ಣಿನ ವಾಸನೆ ಉಳಿಯಿತು. ಹೊರಗೆ ಮುದುಕಿ ಯಾರಿಗೋ ಹೇಳುತ್ತಿದ್ದರು, "ತಪ್ಪು ನಂದೇ ಕಣವ್ವ, ನಾನೇ ನೇರ ಹೋಗು ಅಂದಿದ್ದು."

ಮಗು ಇನ್ನೂ ಸಿಕ್ಕಿರಲಿಲ್ಲ.

ಅಲ್ಲಿಂದ ಫೋನು ಬರುವವರೆಗಿನ ಹೊತ್ತು ನನ್ನ ಬದುಕಿನಲ್ಲಿ ಅತಿ ಉದ್ದವಾದದ್ದು. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. ಬೀದಿಯಲ್ಲಿ ಕರು ನಡೆದರೆ ಮಗುವಿನ ಹೆಜ್ಜೆ ಅನಿಸುತ್ತಿತ್ತು. ಸಿಕ್ಕರೆ ಸಾಕು ಎಂದುಕೊಳ್ಳುತ್ತಿದ್ದೆ. ಅದರ ಹಿಂದೆಯೇ, ಸಿಗದಿದ್ದರೆ ಪುಟದಲ್ಲಿ ಏನೂ ಇಲ್ಲ ಎಂದು ಇನ್ನೊಂದು ದನಿ. ಆ ಎರಡನೆಯ ದನಿಯೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಬಿಸಿಲು ನಿಜಕ್ಕೂ ಹಳದಿಯಾದ ಮೇಲೆ ಮೆಕ್ಯಾನಿಕ್ ಫೋನು ಮಾಡಿದರು. "ಸಿಕ್ಕಳು ಮೇಡಮ್. ಚೆನ್ನಾಗಿದಾಳೆ. ಅಜ್ಜಿಗೆ ಹೇಳ್ರಿ."

ಹೇಳಿದೆ. ಮುದುಕಿ ಎರಡೂ ಕೈಯಿಂದ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಆ ಕೈಯಲ್ಲಿ ಇನ್ನೂ ರಬ್ಬರಿನ ವಾಸನೆ ಇತ್ತು.

ಮಗು ಮೂಲೆಗೆ ಬಂದು ನಿಂತಾಗ ಎರಡು ದಾರಿ ಕಂಡಿವೆ. ಬಲಕ್ಕೆ ಹೋದರೆ ಗೋಡೆಯುದ್ದಕ್ಕೂ ಮುಖಕ್ಕೆ ಬಿಸಿಲು. ಎಡಕ್ಕೆ ಹೋದರೆ ಗೋಡೆಯುದ್ದಕ್ಕೂ ನೆರಳು. ಅವಳು ನೆರಳು ಹಿಡಿದಿದ್ದಳು. ಗೋಡೆ ಮುಗಿಯುವಲ್ಲಿ ಅಪ್ಪ ಸಿಗುತ್ತಾನೆ ಎಂದುಕೊಂಡು ನಡೆದಿದ್ದಳು, ಗೋಡೆ ಮುಗಿಯಲಿಲ್ಲ. ಊರಿನವರೆಲ್ಲ ಮೂಲೆಯಿಂದ ಬಲಕ್ಕೇ ಹುಡುಕುತ್ತ ಹೋಗಿದ್ದರು, ಏಕೆಂದರೆ ಅಲ್ಲಿಂದ ಎಲ್ಲರೂ ಬಲಕ್ಕೇ ಹೋಗುವುದು. ವ್ಯಾನಿನಿಂದ ಇಳಿದ ತಾಯಿಯೂ ಬಲಕ್ಕೇ ಓಡಿದ್ದಳು. ಎಡಕ್ಕೆ ಹೋದವರು ಮೆಕ್ಯಾನಿಕ್ ಒಬ್ಬರೇ. ಒಂದೆರಡು ಮೈಲಿ ಆಚೆ, ಅರ್ಧ ಕ್ಯಾನು ಮಜ್ಜಿಗೆ ಕುಡಿದು, ಮುಚ್ಚಳ ಹಾಕಿ, ಗೋಡೆಗೆ ಒರಗಿ ಕೂತಿದ್ದಳಂತೆ. ಇವರನ್ನು ಕಂಡು, "ನೀವ್ಯಾರು? ಗೊತ್ತಿಲ್ದೋರ ಜತಿಗೆ ನಾ ಬರಲ್ಲ," ಎಂದಿದ್ದಾಳೆ. ತಾಯಿ ಬರುವವರೆಗೆ ಅವರು ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತು ಕಾದರು.

"ಎಷ್ಟು ಗತ್ತು ಅಂತೀರಿ. ನನ್ನ ಪೊಲೀಸ್ ಎನ್ಕ್ವಾಯರಿ ಮಾಡಿದಂಗೆ ಮಾಡಿದ್ಲು," ಎಂದು ವಾಪಸು ಬರುವಾಗ ಮೆಕ್ಯಾನಿಕ್ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ದಿನಚರಿಯಲ್ಲಿ ಆವತ್ತಿನ ಪುಟ ಹೀಗಿದೆ: 'ಮೂಲೆಯಲ್ಲಿ ಅವರು ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಗಿರಾಕಿಯ ಜಾಗದಲ್ಲಿ ನಿಂತು ನೋಡಬೇಕೆಂದು ನಮ್ಮ ವ್ಯಾಪಾರದ ಪುಸ್ತಕದಲ್ಲಿ ಓದಿದ್ದು ಹೀಗೆ ಉಪಯೋಗಕ್ಕೆ ಬಂತು.' ನಾನು ಅಲ್ಲಿರಲಿಲ್ಲ. ಆದರೂ ಕಣ್ಣಾರೆ ಕಂಡಂತೆ ಬರೆದಿದ್ದೇನೆ. ತಿಂಗಳ ನಂತರ ಅವರನ್ನೇ ಕೇಳಿದೆ. "ಪುಸ್ತಕ ಎಲ್ಲಿ ಬಂತು ಮೇಡಮ್," ಎಂದರು. "ಬಿಸಿಲು ಸುಡ್ತಿತ್ತು, ನೆರಳಿಗೆ ಹೋದೆ. ಅಲ್ಲಿ ಸಣ್ಣ ಚಪ್ಪಲಿ ಗುರುತು ಇತ್ತು." ನನ್ನ ಪಟ್ಟಿಯ ಒಂದು ಪುಸ್ತಕ ಮಗುವನ್ನು ಕಳೆದಿದ್ದರೆ ಇನ್ನೊಂದು ಹುಡುಕಿ ಕೊಡಲೇಬೇಕಾಗಿತ್ತು ನನಗೆ. ಹಾಗಾಗಿ ಬರೆದುಕೊಂಡಿದ್ದೆ. ಅಂದಿನಿಂದ ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ.

ಎರಡು ಭಾನುವಾರ ಬಿಟ್ಟು ಟೀಚರ್ ಕೂಟಕ್ಕೆ ಬಂದಳು. ಮಗಳನ್ನೂ ಕರೆತಂದಿದ್ದಳು. ರಿಜಿಸ್ಟರು ತೆಗೆದು ತನ್ನ ಸಾಲಿನಲ್ಲಿ ಬರೆದಳು: 'ಕಳಿಸಿದೆ. ಬಂದಳು.' ಮೆಕ್ಯಾನಿಕ್ ಓದಿ, "ನನ್ನ ಸ್ಟೈಲು ಕದ್ದಿದೀರಿ," ಎಂದರು. ಅವಳು ನಕ್ಕಳು. ಆಮೇಲೆ ಪುಸ್ತಕ ತೆರೆದು, "ಮೇಡಮ್ ಇಲ್ಲೇ ಬರೆದಿದ್ರು ನೋಡ್ರಿ, ಓಡಿಸಿ ನೋಡಿ ಅಂತ," ಎಂದು ತೋರಿಸಲು ಹೋದಳು.

ಟಿಕೆಟು ಇದ್ದ ಪುಟ. ಬೆರಳು ಅಂಚಿನ ಮೇಲೆ ಇಟ್ಟಳು. ಹಿಂದಿನ ಪುಟ ತಿರುವಿದಳು, ಮುಂದಿನದನ್ನು ತಿರುವಿದಳು.

"ಇಲ್ಲೇ ಇತ್ತಲ್ಲ," ಎಂದಳು. "ಇಲ್ವಾ ಮೇಡಮ್? ನೀವು ಪೆನ್ಸಿಲ್ನಾಗೆ ಬರೆದಿದ್ರಿ."

ಆ ಹೊತ್ತು ಹೇಳಿಬಿಡಬಹುದಿತ್ತು. ಮಗು ಎದುರಿಗೇ ಹಳೆಯ ಟೈರಿನ ಮೇಲೆ ಕೂತು ಕಾಲಾಡಿಸುತ್ತಿತ್ತು. ಯಾರೂ ಯಾರನ್ನೂ ಹಿಡಿದು ಕೇಳುವ ಸ್ಥಿತಿ ಇರಲಿಲ್ಲ. ಆದರೆ ಬರೆದದ್ದನ್ನು ಒಪ್ಪಿದರೆ ಅಳಿಸಿದ್ದನ್ನೂ ಒಪ್ಪಬೇಕಿತ್ತು, ಅಳಿಸಿದ ಹೊತ್ತನ್ನೂ ಹೇಳಬೇಕಿತ್ತು.

"ಬೇರೆ ಪುಸ್ತಕದಲ್ಲಿ ನೋಡಿರಬೇಕು," ಎಂದೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ತುಂಬ ಹೆದರಿದಾಗ ನೆನಪು ತಾನೇ ಕೆಲವನ್ನು ಕಟ್ಟಿಕೊಳ್ಳುತ್ತದೆ, ಅದು ಎಲ್ಲರಿಗೂ ಆಗುವಂಥದ್ದು, ನಾಚಿಕೊಳ್ಳಬೇಕಾದ್ದಿಲ್ಲ ಎಂದು ಪಾಠ ಹೇಳುವ ದನಿಯಲ್ಲಿ ವಿವರಿಸಿದೆ. ನಮ್ಮ ಕಪಾಟಿನಲ್ಲೇ ಅದರ ಬಗ್ಗೆ ಒಂದು ಪುಸ್ತಕವಿತ್ತು, ಮನಸ್ಸಿನ ವಿಭಾಗದಲ್ಲಿ. ಅದನ್ನು ಒಯ್ದು ಓದುತ್ತಿದ್ದವಳು ನಾನೇ. ಹೇಳಿದ್ದೆಲ್ಲ ಸರಿಯೇ ಇತ್ತು. ಅವಳ ವಿಷಯದಲ್ಲಿ ಮಾತ್ರ ಸುಳ್ಳು.

"ಹಂಗಾ ಮೇಡಮ್," ಎಂದಳು. ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ಅವಳ ಮುಖದಲ್ಲಿ ಬಂದದ್ದು ನಾಚಿಕೆ ಎಂದುಕೊಂಡೆ ಆಗ. ಹೋಗುವ ಮೊದಲು ಒಂದು ಮಾತು ಹೇಳಿದಳು. "ನಮ್ಮವ್ವಗೆ ಕೊನೆಕೊನೆಗೆ ನನ್ನ ಗುರುತೇ ಸಿಗ್ತಿರಲಿಲ್ಲ ಮೇಡಮ್. ಮೊದ್ಲು ಇಂಥ ಸಣ್ಣ ಸಣ್ಣದೇ ಶುರುವಾಗಿತ್ತು."

ನಾನು ಪುಸ್ತಕವನ್ನು ಕಪಾಟಿಗೆ ಸೇರಿಸಿದೆ.

ಮುಂದಿನ ವಾರಗಳಲ್ಲಿ ಮೆಕ್ಯಾನಿಕ್ ಅವಳ ಸುದ್ದಿ ಹೇಳುತ್ತಿದ್ದರು. "ಟೀಚರು ಬೆಳಿಗ್ಗೆ ಫೋನ್ ಮಾಡಿದ್ರು, ಪುಸ್ತಕ ವಾಪಸ್ ಕೊಟ್ಟೆನಾ ಅಂತ. ಕೊಟ್ಟಿದೀರಿ ಅಂದೆ. ಸಾಯಂಕಾಲ ಮತ್ತೆ ಅದೇ. ಅಂಗನವಾಡಿ ಬೀಗ ಹಾಕಿ ದಿನಾ ಫೋಟೋ ತೆಗೆದು ಇಟ್ಕೋತಾರಂತೆ, ಹಾಕಿದೀನಾ ಇಲ್ವಾ ಅಂತ ಗ್ಯಾರಂಟಿಗೆ. ಏನಾಗೈತೆ ಮೇಡಮ್ ಅವರಿಗೆ? ನೀವು ಸೈಕಾಲಜಿ ಓದಿದೋರು."

"ಭಯದಿಂದ," ಎಂದೆ.

ನನಗೂ ಭಯವೇ ಇತ್ತು. ತರಗತಿಯಲ್ಲಿ ಹುಡುಗಿಯೊಬ್ಬಳು ರಬ್ಬರು ಉಜ್ಜಿದ ಸದ್ದಿಗೆ ಪಾಠ ಮರೆತು ನಿಂತೆ. ಒಂದು ದಿನವಂತೂ, ನಿಜಕ್ಕೂ ಆ ಸಾಲು ಇದ್ದಿತೇ ಎಂದು ನನಗೇ ಅನುಮಾನ ಬಂತು. ಅವಳು ನೋಡಿದ್ದನ್ನು ಸುಳ್ಳು ಮಾಡಿದ್ದಲ್ಲದೆ ನಾನು ನೋಡಿದ್ದನ್ನೂ ಸುಳ್ಳು ಮಾಡಿಕೊಳ್ಳುವ ಹಾದಿಯಲ್ಲಿದ್ದೆ. ಅದು ಅಷ್ಟು ಸುಲಭವಾಗಿತ್ತು.

ಕೂಟಕ್ಕೆ ಬರಲಾಗದ ಓದುಗರು ಒಬ್ಬರಿದ್ದಾರೆ, ಮೊಳಕಾಲ್ಮೂರಿನಲ್ಲಿ. ರೇಷ್ಮೆ ಸೀರೆ ನೇಯುವ ಹೆಂಗಸು, ಅರವತ್ತರ ಹತ್ತಿರ. ಮಗ್ಗ ಬಿಟ್ಟು ಬರಲು ಅವರಿಗೆ ಆಗುವುದಿಲ್ಲ, ಅದಕ್ಕೆ ತಿಂಗಳಿಗೊಮ್ಮೆ ನಾನೇ ಬಸ್ಸಿನಲ್ಲಿ ಪುಸ್ತಕ ಒಯ್ದು ಕೊಡುತ್ತೇನೆ. ಮೊಮ್ಮಗಳನ್ನು ಸಾಕುತ್ತಿದ್ದಾರೆ, ಮಕ್ಕಳ ಬಗ್ಗೆ ಏನಾದರೂ ಕೊಡಿ ಎಂದಿದ್ದರು. ನೀಲಿ ರಟ್ಟಿನದು ವಾಪಸು ಬಂದಿದ್ದರಿಂದ ಅದನ್ನೇ ಒಯ್ದೆ. ಆ ಪುಸ್ತಕ ನನ್ನ ಕಣ್ಣೆದುರಿನಿಂದ ದೂರ ಹೋಗಲಿ ಎಂಬುದೂ ಇತ್ತು.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಅವರು ಪುಸ್ತಕ ತೆರೆದು ನೋಡಿದರು. ಸಾಲಿನ ಕೆಳಗೆ ಬೆರಳಾಡಿಸುತ್ತ ಓದುವುದು ಅವರ ರೂಢಿ. ನಾನು ಅವರು ಕೊಟ್ಟ ಚಹಾ ಕುಡಿಯುತ್ತಿದ್ದೆ. ಬೆರಳು ಒಂದು ಕಡೆ ನಿಂತಿತು, ಹಿಂದೆ ಬಂತು, ಮತ್ತೆ ಅದೇ ಜಾಗಕ್ಕೆ ಹೋಯಿತು.

"ಇಲ್ಲೇನೋ ಬರೆದು ಅಳಿಸಿಬಿಟ್ಟವ್ರೆ," ಎಂದರು.

"ಏನಿಲ್ಲ ಬಿಡಿ," ಎಂದೆ. ಬೇಗನೇ ಎಂದೆ.

"ಐತಮ್ಮಾ. ಚೂಡಂಡಿ, ನೋಡ್ರಿ, ಬೆರಳಿಡ್ರಿ ಇಲ್ಲಿ. ತಗ್ಗು ಐತೆ." ಅವರ ಬೆರಳು ಕಡಿದ ಎಳೆ ಎಲ್ಲಿ ಗಂಟು ಹಾಕಿದೆ ಎಂದು ನೋಡದೆ ಹೇಳುವ ಬೆರಳು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದೇ ಅಕ್ಷರ ಓದಿದರು. "ಇದನ್ನೇ... ಓಡಿಸಿ... ನೋಡಿ. ನಿಮ್ಮ ಮಗಳಿಗೆ... ಆಗುತ್ತದೆ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಅಕ್ಷರಾನೇ ಇದು. ಚೀಟಿ ಬರೀತೀರಲ್ಲ, ಹಿಂಗೇ ಉದ್ದ ಎಳೀತೀರಿ. ಯಾಕಮ್ಮಾ ಅಳಿಸಿದ್ರಿ? ಮಾತು ಚೆನ್ನಾಗೇ ಐತಲ್ಲ."

ಚಹಾದ ಲೋಟ ಕೆಳಗಿಟ್ಟೆ. ಅವರು ಪುಸ್ತಕವನ್ನು ನನ್ನ ಮಡಿಲಿಗೆ ಇಟ್ಟು, "ಇದು ಇನ್ನೊಂದ್ ಸಲ ತರ್ರಿ," ಎಂದು ಲಾಳಿ ಎತ್ತಿಕೊಂಡರು.

ಬಸ್ಸಿನಲ್ಲಿ ಒಂದೂವರೆ ಗಂಟೆ ಆ ತಗ್ಗಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದೆ. ಮರುದಿನ ಕಾಲೇಜಿಗೆ ರಜೆ ಹಾಕಿ, ಆ ಪುಸ್ತಕವನ್ನೂ ರಿಜಿಸ್ಟರನ್ನೂ ತೆಗೆದುಕೊಂಡು ದೊಡ್ಡಉಳ್ಳಾರ್ತಿಗೆ ಹೋದೆ. ಅಂಗನವಾಡಿಯ ಮಕ್ಕಳು ಊಟ ಮುಗಿಸಿ ಮಲಗಿದ್ದವು. ಟೀಚರ್ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಪುಟ ತೆರೆದು ಓರೆಯಾಗಿ ಹಿಡಿದೆ.

ಅವಳು ನೋಡಿದಳು. ಬೆರಳಿಟ್ಟಳು.

"ಇತ್ತು," ಎಂದಳು.

"ಇತ್ತು. ನಾನೇ ಬರೆದಿದ್ದೆ. ನಾನೇ ಅಳಿಸಿದೆ."

"ಅಂದ್ರೆ ನಂಗೇನೂ ಆಗಿಲ್ಲ."

"ಏನೂ ಆಗಿಲ್ಲ."

ಮೊರವನ್ನು ಪಕ್ಕಕ್ಕಿಟ್ಟು, ಮಂಡಿಯ ಮೇಲೆ ತಲೆಯಿಟ್ಟು ಕೂತಳು. ಅಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ತಲೆ ಎತ್ತಿದಾಗ ಕಣ್ಣು ಒಣಗಿದ್ದವು.

"ಯಾವಾಗ ಅಳಿಸಿದ್ದು?"

ನಾನು ಹೆದರುತ್ತಿದ್ದ ಪ್ರಶ್ನೆ ಅದೊಂದೇ. "ಆವತ್ತು. ನೀವೆಲ್ಲ ಕಾವಲಿನಲ್ಲಿ ಹುಡುಕುತ್ತಿದ್ದಾಗ."

"ಅವಳು ಸಿಗೋಕೆ ಮೊದ್ಲು?"

"ಹೂಂ."

"ಯಾವುದ್ರಲ್ಲಿ ಅಳಿಸಿದ್ರಿ?"

"ಅವಳ ರಬ್ಬರಲ್ಲೇ."

ಅವಳು ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಬರೆಯುವ ಧೈರ್ಯ ನನಗಿಲ್ಲ, ಬರೆದರೂ ತಪ್ಪೇ ಆಗಿರುತ್ತದೆ. ಆಮೇಲೆ, "ರಬ್ಬರು ಸವೆದೈತೆ ಅಂತ ಅವಳು ಅಜ್ಜಿ ಮೇಲೆ ಜಗಳ ಆಡಿದ್ಲು ಮೇಡಮ್. ನಮ್ಮತ್ತೆ ನಾನಲ್ಲ ಅಂದ್ರೂ ಕೇಳ್ಲಿಲ್ಲ. ಎರಡು ದಿನ ಅಜ್ಜಿ ಜತಿಗೆ ಮಾತೇ ಬಿಟ್ಟಿದ್ಲು," ಎಂದಳು. ಅದರಲ್ಲಿ ನಗು ಇತ್ತೋ, ಸಿಟ್ಟಿತ್ತೋ. ಎರಡೂ ಇದ್ದಿರಬಹುದು. "ಅಜ್ಜಿಗೆ ನೀವೇ ಹೇಳ್ಬೇಕು."

"ಹೇಳ್ತೀನಿ."

"ರಿಜಿಸ್ಟರ್ನಾಗೂ ಬರೀರಿ. ನೆನಪಿನ ಪುಸ್ತಕ ನೀವು ಒಯ್ದಿದ್ರಲ್ಲ, ಅದರ ಮುಂದೆ ಇನ್ನೂ ಖಾಲಿ ಐತೆ. ರೂಲ್ ನಿಮ್ದೇ ಅಲ್ವಾ."

ರೂಲು ಯಾರದೆಂದು ವಾದಿಸುವ ಹೊತ್ತು ಅದಾಗಿರಲಿಲ್ಲ. ಅವಳೇ ಪೆನ್ನು ಕೊಟ್ಟಳು. ನನ್ನ ಸಾಲಿನಲ್ಲಿ, 'ಓಡಿಸಿ ನೋಡಿದ್ದು' ಎಂಬಲ್ಲಿ, 'ಸರಿಯಿದ್ದ ಒಬ್ಬರ ನೆನಪನ್ನು ತಪ್ಪು ಎಂದೆ. ಅವರು ನಂಬಿದರು' ಎಂದು ಬರೆದೆ. ಅವಳು ಓದಿ, ರಿಜಿಸ್ಟರು ಮುಚ್ಚಿದಳು.

ಅಷ್ಟು ಹೊತ್ತಿಗೆ ಮಗು ಬಂತು. ಶಾಲೆಗೆ ಬೇಸಿಗೆ ರಜೆ. ಕೈಯಲ್ಲಿ ಮಜ್ಜಿಗೆಯ ಕ್ಯಾನು.

"ಇನ್ನೂ ಕಳಿಸ್ತೀರಾ?" ಎಂದೆ.

"ದಿನಾ ಹೋಗ್ತಾಳೆ. ಬೇಡ ಅಂದ್ರೂ ಕೇಳಲ್ಲ," ಎಂದಳು ಟೀಚರ್. ಮಗಳ ಕಡೆ ತಿರುಗಿ, "ಮೂಲೇಲಿ ಯಾವ ಕಡಿಗೆ?" ಎಂದು ಕೇಳಿದಳು.

"ಬಿಸಿಲು ಇರೋ ಕಡಿಗೆ," ಎಂದಿತು ಮಗು, ಸಾವಿರ ಸಲ ಹೇಳಿ ಬೇಸತ್ತವರ ಹಾಗೆ. ಟವೆಲನ್ನು ತಲೆಗೆ ಸುತ್ತಿಕೊಂಡು ಹೊರಟಿತು.

ನಾನು ಬಾಗಿಲಿಗೆ ಹೋಗಿ ನಿಂತೆ. ಕುರಿ ದಾರಿಯಲ್ಲಿ ಆ ಬಿಳಿ ಟವೆಲು ಸಣ್ಣದಾಗುತ್ತ ಹೋಯಿತು. ನನ್ನ ಬಸ್ಸಿಗೆ ಇನ್ನು ಹತ್ತು ನಿಮಿಷ ಇತ್ತು. ಹೋಗಲು ಕಾಲು ಬರಲಿಲ್ಲ. ಟವೆಲು ಕುರುಚಲು ಗಿಡಗಳ ಹಿಂದೆ ಮರೆಯಾಯಿತು.

ಟೀಚರ್ ಮೊರ ಎತ್ತಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

"ಕೂತ್ಕಳ್ರಿ ಮೇಡಮ್," ಎಂದಳು, ತಲೆ ಎತ್ತದೆ. "ಬರೋತನ್ಕ ಕೂತ್ಕಳ್ರಿ. ನಾನೂ ದಿನಾ ಹಿಂಗೇ ಕೂತಿರ್ತೀನಿ."

ಕೂತೆ.